ಕೆಂದಳಿಲಿನ ವೇಷ ತೊಟ್ಟು ಪಿಟ್ಸ್‌ಬರ್ಗ್ ಬೀದಿಯಲ್ಲಿ

ಪ್ರಾಣಿ ಪಾತ್ರಗಳ ಅಭಿಮಾನಿಗಳು ಸೇರುವ ಆಂಥ್ರೋಕಾನ್ ಸಮಾವೇಶ ಮುಗಿಸಿಕೊಂಡು ಒಹಾಯೋದ ಕೊಲಂಬಸ್‌ಗೆ ವಾಪಸ್ ಬಂದಿದ್ದೇವೆ. ಮೀನಖಂಡ ಇನ್ನೂ ನೋಯುತ್ತಿದೆ. ಗಂಟಲು ಕಟ್ಟಿದೆ. ಸಮಾವೇಶದಿಂದ ಬಂದ ಮೇಲೆ ತುಂಬಾ ಜನಕ್ಕೆ ಹಿಡಿಯುವ ಈ ಶೀತಕ್ಕೆ ಅಲ್ಲಿಯವರು 'ಕಾನ್ ಕ್ರಡ್' ಅಂತ ಹೆಸರೇ ಇಟ್ಟಿದ್ದಾರೆ. ಮಲಗಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಾನು ಶುರು ಮಾಡಿದಾಗ ಕನ್ನಡದಲ್ಲಿ ಈ ವಿಷಯ ಹೇಳಿಕೊಡುವವರು ಒಬ್ಬರೂ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ. ಆದರೆ ಅದನ್ನು ಬರೆದವರು ತಲೆಗೆ ತೆಂಗಿನೆಣ್ಣೆ ಹಚ್ಚುವವರಲ್ಲ, ನನ್ನ ಹಾಗೆ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರೂ ಅಲ್ಲ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಮನುಷ್ಯರ ಹಾಗೆ ನಡೆಯುವ, ಮಾತಾಡುವ ಪ್ರಾಣಿ ಪಾತ್ರಗಳ ಮೇಲೆ ಪ್ರೀತಿ ಇರುವವರಿಗೆ ಫರ್ರಿ ಅನ್ನುತ್ತಾರೆ. ಕೆಲವರು ಚಿತ್ರ ಬಿಡಿಸುತ್ತಾರೆ, ಕೆಲವರು ಕಥೆ ಬರೆಯುತ್ತಾರೆ, ಕೆಲವರು ತಮ್ಮದೇ ಪಾತ್ರದ ವೇಷ ಹಾಕುತ್ತಾರೆ. ಆ ವೇಷವೇ ಫರ್‌ಸೂಟ್. ಎಲ್ಲರ ಹತ್ತಿರವೂ ಇರುವುದಿಲ್ಲ, ದುಡ್ಡು ಅಷ್ಟು ಬೇಕು. ಇವರೇ ಸೇರುವ ಸಮಾವೇಶ ಮೊದಲು ನಡೆದದ್ದು 1989ರಲ್ಲಿ, ಕ್ಯಾಲಿಫೋರ್ನಿಯಾದ ಕೋಸ್ಟಾ ಮೇಸಾದಲ್ಲಿ. ಆಂಥ್ರೋಕಾನ್ 1997ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಶುರುವಾಯಿತು, 2006ರಿಂದ ಪಿಟ್ಸ್‌ಬರ್ಗ್‌ನಲ್ಲಿ ನಡೆಯುತ್ತಿದೆ. ಈಗ ಹತ್ತು ಸಾವಿರಕ್ಕೂ ಜಾಸ್ತಿ ಜನ ಬರುತ್ತಾರೆ.

'ಅದೇನೋ ಕೆಟ್ಟ ಜನರಂತೆ ಅಲ್ವಾ?' ಅಂತ ನನ್ನ ಗೆಳತಿಯರೂ ಕೇಳಿದರು. ದೊಡ್ಡವರಿಗೆ ಮಾತ್ರ ಅನ್ನುವ ಕೆಲವು ಕಾರ್ಯಕ್ರಮ, ಚಿತ್ರಗಳು ಇವೆ. ಅಲ್ಲಿಗೆ ವಯಸ್ಸಿನ ದಾಖಲೆ ತೋರಿಸದೆ ಬಿಡುವುದಿಲ್ಲ. ನಾನು ಅತ್ತ ಕಾಲಿಡಲಿಲ್ಲ, ಯಾರೂ ಎಳೆಯಲೂ ಇಲ್ಲ. ನಾನು ಹೋದದ್ದು ವೇಷ ಹಾಕಲಿಕ್ಕೆ.

ಈ ಹುಚ್ಚು ಹಿಡಿದದ್ದು ದೇವಸ್ಥಾನದ ದೆಸೆಯಿಂದ. ಕೆಲವು ವರ್ಷದ ಹಿಂದೆ ಜುಲೈ ರಜೆಯಲ್ಲಿ ಪಿಟ್ಸ್‌ಬರ್ಗ್ ಪಕ್ಕದ ಪೆನ್ ಹಿಲ್ಸ್‌ನ ವೆಂಕಟೇಶ್ವರನ ದರ್ಶನಕ್ಕೆ ಹೋಗಿದ್ದೆವು. ಪುಳಿಯೋಗರೆ ತಿಂದು, ಸುಮ್ನೆ ಊರು ನೋಡೋಣ ಅಂತ ಡೌನ್‌ಟೌನ್ ಕಡೆ ಬಂದರೆ ರಸ್ತೆ ಬಂದ್. ಪೊಲೀಸರು ನಿಂತಿದ್ದಾರೆ. ಊರಿನ ಜನ ಮಡಚುವ ಕುರ್ಚಿ ತಂದು ಫುಟ್‌ಪಾತಿನ ಉದ್ದಕ್ಕೂ ಕೂತಿದ್ದಾರೆ. ನೀಲಿ ತೋಳ, ಹಸಿರು ನರಿ, ಡ್ರ್ಯಾಗನ್, ಕತ್ತೆಕಿರುಬ, ಸಾಲು ಮುಗಿಯುವುದೇ ಇಲ್ಲ. ಅದು ಆಂಥ್ರೋಕಾನಿನ ಫರ್‌ಸೂಟ್ ಮೆರವಣಿಗೆ ಅಂತ ಪಕ್ಕದಲ್ಲಿ ಕೂತಿದ್ದ ಅಜ್ಜಿ ಹೇಳಿದರು. ಪ್ರತಿ ವರ್ಷ ಬರುತ್ತಾರಂತೆ.

ನಾನು ಹೆಬ್ರಿ ಕಡೆಯವಳು. ಚಿಕ್ಕಂದಿನಲ್ಲಿ ಉಡುಪಿಯ ವಿಟ್ಲಪಿಂಡಿ ಉತ್ಸವಕ್ಕೆ ಅಪ್ಪ ಕರೆದುಕೊಂಡು ಹೋಗುತ್ತಿದ್ದರು. ರಥಬೀದಿಯಲ್ಲಿ ಹುಲಿವೇಷದವರು ತಾಸೆ ವಾದ್ಯದ ಬಡಿತಕ್ಕೆ ಕುಣಿಯುವಾಗ ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಾನೂ ಹಾಕ್ತೇನೆ ಅಂದರೆ ಎಲ್ಲರೂ ನಗುತ್ತಿದ್ದರು. ಈಗ ಹುಡುಗಿಯರೂ ಹುಲಿವೇಷ ಹಾಕುತ್ತಾರೆ, ನೋಡಿದರೆ ಖುಷಿಯಾಗುತ್ತದೆ. ನಮ್ಮ ಕಾಲದಲ್ಲಿ ಇರಲಿಲ್ಲ. ಮನೆಯ ಜಗಲಿಯಲ್ಲಿ ಬಾಗಿಲು ಹಾಕಿಕೊಂಡು ಅಣ್ಣನ ಜೊತೆ ಹೆಜ್ಜೆ ಕಲಿತಿದ್ದೆ, ಅಷ್ಟೇ. ಪಿಟ್ಸ್‌ಬರ್ಗ್‌ನ ಆ ರಸ್ತೆಯ ಬದಿ ನಿಂತಾಗ, ಇಲ್ಲಿ ಯಾರೂ ನಗಲಿಕ್ಕಿಲ್ಲ ಅಂತ ಅನ್ನಿಸಿತು.

ಹುಲಿ ಬೇಡ ಅಂತ ಮೊದಲೇ ತೀರ್ಮಾನ ಮಾಡಿದೆ. ಅಲ್ಲಿ ಹುಲಿಗಳು ಹೇರಳ. ನನಗೆ ಕೆಂದಳಿಲು ಬೇಕಿತ್ತು. ಆಗುಂಬೆ ಘಾಟಿಯ ಮರಗಳಲ್ಲಿ ಕಾಣುತ್ತದಲ್ಲ, ಬೆನ್ನು ಕೆಂಗಂದು, ಹೊಟ್ಟೆ ಕೆನೆ ಬಣ್ಣ, ಮೈಗಿಂತ ಉದ್ದ ಬಾಲ, ಅದೇ. ಹೆಸರು ಕೆಂಪಿ. ಅಮೆರಿಕದವರ ನಾಲಿಗೆಗೂ ಹೊರಳುತ್ತದೆ.

ಫರ್‌ಸೂಟ್ ಅಂಗಡಿಯಲ್ಲಿ ತೂಗುಹಾಕಿರುವ ವಸ್ತು ಅಲ್ಲ. ಒಬ್ಬೊಬ್ಬರೇ, ಅಥವಾ ಇಬ್ಬರು ಮೂವರು ಸೇರಿ ಮನೆಯಲ್ಲೇ ಮಾಡಿಕೊಡುತ್ತಾರೆ. ಒಳ್ಳೆಯ ಕೈಯವರ ಹತ್ತಿರ ಸದಾ ಕ್ಯೂ. ವರ್ಷಕ್ಕೆ ಒಂದೋ ಎರಡೋ ಸಲ ಕೆಲವು ದಿನ ಮಾತ್ರ ಆರ್ಡರ್ ಫಾರ್ಮ್ ತೆರೆಯುತ್ತಾರೆ. ಅದಕ್ಕೆ ಮೊದಲು ನಿಮ್ಮ ಕೈಯಲ್ಲಿ ರೆಫರೆನ್ಸ್ ಶೀಟ್ ಇರಬೇಕು. ಪಾತ್ರವನ್ನು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಬಿಡಿಸಿ, ಯಾವ ಜಾಗಕ್ಕೆ ಯಾವ ಬಣ್ಣ ಅಂತ ಗುರುತು ಹಾಕಿದ ಹಾಳೆ ಅದು. ಚಿತ್ರ ಬರದವರು ಕಲಾವಿದರಿಗೆ ಕೊಟ್ಟು ಬರೆಸಬೇಕು. ನನಗೆ 140 ಡಾಲರ್ ಆಯಿತು. ಕೆಂದಳಿಲಿನ ಫೋಟೋಗಳನ್ನು ಕಳಿಸಿದರೆ ಕಲಾವಿದೆ 'ಇಂಥ ಪ್ರಾಣಿ ನಿಜವಾಗಲೂ ಇದೆಯಾ?' ಅಂತ ಕೇಳಿದಳು.

ಪೂರ್ತಿ ಸೂಟೋ, ಪಾರ್ಶಿಯಲ್ಲೋ? ಪಾರ್ಶಿಯಲ್ ಅಂದರೆ ತಲೆ, ಕೈಗವಸು, ಬಾಲ, ಬೇಕಿದ್ದರೆ ಪಾದ. ಉಳಿದ ಮೈಗೆ ನಿಮ್ಮದೇ ಬಟ್ಟೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲಕ್ಕೆ ಪಾರ್ಶಿಯಲ್ಲೇ ಸಾಕು. ಒಳ್ಳೆಯ ಪೂರ್ತಿ ಸೂಟಿಗೆ ಐದಾರು ಸಾವಿರ ಡಾಲರ್ ಸಲೀಸಾಗಿ ಹೋಗುತ್ತದೆ, ಸೆಕೆಯೂ ದುಪ್ಪಟ್ಟು. ನಾನು ಇಳಕಲ್ ಸೀರೆಯಿಂದ ತುಂಬುತೋಳಿನ ಕುರ್ತಾ ಹೊಲಿಸಿದೆ. ಗವಸು ಮೊಣಕೈವರೆಗೆ ಬರುವಂತೆ ಹೇಳಿದೆ, ನಡುವೆ ಮನುಷ್ಯರ ಚರ್ಮ ಕಾಣಬಾರದು. ಒಂದು ಬೆರಳಿನಷ್ಟು ಕೈ ಕಂಡರೂ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ.

ಫಾರ್ಮ್ ತುಂಬಿದ ಎಷ್ಟೋ ವಾರಗಳ ಮೇಲೆ ಉತ್ತರ ಬಂತು. 2,400 ಡಾಲರ್. ಮೂರನೇ ಒಂದು ಭಾಗ ಮುಂಗಡ, ಉಳಿದದ್ದು ತಿಂಗಳ ಕಂತು. ಸಹಿ ಹಾಕುವ ಕರಾರುಪತ್ರ ಒಂದಿತ್ತು. ಇಲ್ಲಿ ಸ್ವಲ್ಪ ನಿಲ್ಲಿ. ಈ ಲೋಕದಲ್ಲಿ ಮುಂಗಡ ತೆಗೆದುಕೊಂಡು ನಾಪತ್ತೆಯಾದವರೂ ಇದ್ದಾರೆ. ಹಿಂದೆ ಮಾಡಿಸಿಕೊಂಡವರನ್ನು ಹುಡುಕಿ ಮಾತಾಡಿಸಿ. ದುಡ್ಡನ್ನು ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ, ಕೈ ಕೊಟ್ಟರೆ ದೂರು ಹಾಕಲಿಕ್ಕೆ ಒಂದು ದಾರಿ ಇರುತ್ತದೆ. ಅರ್ಧಕ್ಕೆ ಬಿಟ್ಟರೆ ಎಷ್ಟು ವಾಪಸ್, ತಡವಾದರೆ ಏನು ಅನ್ನುವುದು ಕರಾರಿನಲ್ಲಿ ಬರಹದಲ್ಲಿ ಇರಲಿ.

ಅಳತೆ ಕೊಡುವುದು ಒಂದು ದೊಡ್ಡ ಪ್ರಸಂಗ. ಅಳತೆ ಟೇಪಿನಲ್ಲಿ ಸುತ್ತಳತೆ ಅಳೆದು ಕಳಿಸಿದರೆ ವೇಷ ಮಾಡಿಕೊಡುವವರಿಗೆ ಸಾಲದು, ಡಕ್ಟ್ ಟೇಪಿನಲ್ಲಿ ನನ್ನ ತಲೆಯದೇ ಅಚ್ಚು ಬೇಕು ಅಂದರು. ಭಾನುವಾರ ಬೆಳಿಗ್ಗೆ ಅಡುಗೆಮನೆ ಸ್ಟೂಲಿನಲ್ಲಿ ಕೂತೆ. ನನ್ನದು ಸೊಂಟಕ್ಕೆ ಬರುವ ಕೂದಲು. ವೇಷ ಹಾಕುವಾಗ ಹೇಗೆ ಕಟ್ಟುತ್ತೇನೋ ಹಾಗೇ ಕಟ್ಟಿಕೊಂಡು ಅಚ್ಚು ತೆಗೆಯಬೇಕು, ಇಲ್ಲದಿದ್ದರೆ ತಲೆ ಹಿಡಿಸುವುದಿಲ್ಲ. ಎರಡು ಜಡೆ ಹೆಣೆದು ಕತ್ತಿನ ಹಿಂದೆ ಚಪ್ಪಟೆಯಾಗಿ ಪಿನ್ ಮಾಡಿದೆ. ಅದರ ಮೇಲೆ ಪ್ಲಾಸ್ಟಿಕ್ ರ‍್ಯಾಪ್, ಮೂಗು ಬಾಯಿ ಪೂರ್ತಿ ಬಿಟ್ಟು. ಆಮೇಲೆ ಗಂಡ ಬೂದು ಟೇಪನ್ನು ಸಣ್ಣ ಸಣ್ಣ ತುಂಡು ಹರಿದು ಹಣೆಯಿಂದ ಅಂಟಿಸುತ್ತಾ ಬಂದರು. ಕಣ್ಣು ಎಲ್ಲಿದೆ ಅಂತ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು, ಅಷ್ಟರಲ್ಲಿ ಊರಿಂದ ಅಮ್ಮನ ವಿಡಿಯೋ ಕಾಲ್. ಇವರು ಅಭ್ಯಾಸಬಲದಿಂದ ಎತ್ತಿಯೇ ಬಿಟ್ಟರು.

'ಅಯ್ಯೋ ದೇವರೇ, ಏನಾಯ್ತೇ ನಿಂಗೆ? ಆಕ್ಸಿಡೆಂಟಾ?'

ನಕ್ಕರೆ ಟೇಪು ಸುಕ್ಕಾಗುತ್ತದೆ. ಹಲ್ಲು ಕಚ್ಚಿ ಕೂತೆ. ಕೊನೆಗೆ ಹಿಂಭಾಗದಲ್ಲಿ ಬ್ಯಾಂಡೇಜ್ ಕತ್ತರಿಯಿಂದ ಸೀಳಿ ಬಿಡಿಸಿದರು. ತುದಿ ಮೊಂಡಾಗಿರುವ ಕತ್ತರಿಯನ್ನೇ ಬಳಸಿ. ಒಬ್ಬರೇ ಇರುವಾಗ ಈ ಕೆಲಸಕ್ಕೆ ಯಾವ ಕಾರಣಕ್ಕೂ ಹೋಗಬೇಡಿ. ಸೀಳಿದ ಜಾಗ ಮತ್ತೆ ಅಂಟಿಸಿ, ಒಳಗೆ ನ್ಯೂಸ್‌ಪೇಪರ್ ತುರುಕಿ, ನನ್ನ ತಲೆಯನ್ನು ಅಂಚೆಗೆ ಹಾಕಿದೆವು.

ಆಮೇಲೆ ಕಾಯುವುದು. ಹೇಳಿದ ತಿಂಗಳು ಬಂತು, ಹೋಯಿತು. ಇಮೇಲ್ ಹಾಕಿದರೆ 'ಇನ್ನು ಸ್ವಲ್ಪ ದಿನ' ಅನ್ನುವ ಉತ್ತರ. ಒಂದು ಆಂಥ್ರೋಕಾನ್ ಹಾಗೇ ಕೈತಪ್ಪಿತು. ಸಿಟ್ಟು ಬರುತ್ತಿತ್ತು, ಆದರೆ ನಡುನಡುವೆ ಅವರು ಕಳಿಸಿದ ಫೋಟೋ ನೋಡಿದರೆ ಇಳಿಯುತ್ತಿತ್ತು. ಮೊದಲು ಬರೀ ಹಳದಿ ಫೋಮಿನ ಬುರುಡೆ. ಆಮೇಲೆ ಅದಕ್ಕೆ ಕೆನ್ನೆ ಬಂತು. ಆಮೇಲೆ ತುಪ್ಪಳ ಅಂಟಿಸಿ, ಮೂಗಿನ ಹತ್ತಿರ ಗಿಡ್ಡವಾಗಿ ಕ್ಲಿಪ್ಪರ್‌ನಲ್ಲಿ ಬೋಳಿಸಿದ್ದು. ಕಣ್ಣಿನ ಜಾಗದಲ್ಲಿ ಬಣ್ಣ ಬಳಿದ ಸಣ್ಣ ಜಾಲರಿ. ಹೊರಗಿನವರಿಗೆ ಅದು ಕಣ್ಣು, ಒಳಗಿನವರಿಗೆ ಕಿಟಕಿ. ಕಣ್ಣನ್ನು ಒಳಕ್ಕೆ ತಗ್ಗಿಸಿ ಕೂರಿಸುವುದರಿಂದ ನೀವು ಎಲ್ಲಿ ನಿಂತರೂ ಅದು ನಿಮ್ಮನ್ನೇ ನೋಡಿದ ಹಾಗೆ ಕಾಣುತ್ತದೆ.

ಪೆಟ್ಟಿಗೆ ಬಂದದ್ದು ಸಮಾವೇಶಕ್ಕೆ ಕೆಲವೇ ವಾರ ಇರುವಾಗ. ತಲೆ ಹಾಕಿ ಕನ್ನಡಿ ಮುಂದೆ ನಿಂತೆ. ಚೆನ್ನಾಗಿತ್ತು, ಆದರೆ ಸತ್ತ ಹಾಗೆ ಇತ್ತು. ನಾನು ಒಳಗೆ ಕಿವಿವರೆಗೆ ಬಾಯಿ ಬಿಟ್ಟು ನಗುತ್ತಿದ್ದೇನೆ, ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಮುಖ ಕೆಲಸಕ್ಕೆ ಬರುವುದಿಲ್ಲ ಅಂದರೆ ಇಡೀ ಮೈಯೇ ಮುಖ ಆಗಬೇಕು. ಹೂಂ ಅನ್ನಲಿಕ್ಕೆ ಎದೆಯವರೆಗೆ ತಲೆ ಬಗ್ಗಿಸಬೇಕು. ನಗುವುದಕ್ಕೆ ಎರಡೂ ಕೈ ಬಾಯಿಗೆ ತಂದು ಹೆಗಲು ಕುಲುಕಿಸಬೇಕು. ಯಾರನ್ನಾದರೂ ನೋಡುವುದಾದರೆ ಮೊದಲು ಮೂಗು, ಆಮೇಲೆ ಎದೆ, ಆಮೇಲೆ ಕಾಲು ಅತ್ತ ತಿರುಗಬೇಕು. ಹುಲಿವೇಷದವರು ಕತ್ತು ತಿರುಗಿಸುವಾಗ ಸೊಂಟವನ್ನೂ ಯಾಕೆ ತಿರುಗಿಸುತ್ತಾರೆ ಅಂತ ನನಗೆ ಆಗ ತಲೆಗೆ ಹೋಯಿತು.

ಸಂಜೆ ಸಂಜೆ ಹಾಲ್‌ನಲ್ಲಿ ಅಭ್ಯಾಸ. ಇವರು ಫೋನಿನಲ್ಲಿ ರೆಕಾರ್ಡ್ ಮಾಡಿ ತೋರಿಸುವರು. ಕೆಂದಳಿಲು ಹೆದರಿದರೆ ಓಡುವುದಕ್ಕಿಂತ ಜಾಸ್ತಿ ಕೊಂಬೆಗೆ ಅಂಟಿಕೊಂಡು ಅಲುಗಾಡದೆ ಕೂತುಬಿಡುತ್ತದೆ. ಅದನ್ನೇ ಕೆಂಪಿಯ ಚಾಳಿ ಮಾಡಿಕೊಂಡೆ. ಯಾರಾದರೂ ಕ್ಯಾಮೆರಾ ಎತ್ತಿದರೆ ಕಲ್ಲಾಗುವುದು. ಅವರು ಕಾದು ಕಾದು ಕ್ಯಾಮೆರಾ ಇಳಿಸುವ ಹೊತ್ತಿಗೆ ಪಟ್ಟನೆ ಗಂಡನ ಬೆನ್ನ ಹಿಂದೆ ಅಡಗುವುದು. ಅಲ್ಲಿಂದ ಒಂದು ಕಿವಿ ಮಾತ್ರ ಹೊರಗೆ.

ಕನ್ನಡಕದವರು ಗಮನಿಸಿ. ಒಳಗೆ ಉಸಿರಿಗೆ ಗಾಜು ಮಂಜಾಗುತ್ತದೆ. ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕಲು ಕಲಿತೆ. ತಲೆಗೆ ಎಣ್ಣೆ ಹಚ್ಚಬೇಡಿ. ಲೈನಿಂಗ್‌ಗೆ ಹಿಡಿದರೆ ಆ ವಾಸನೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಒಳಗೆ ಬೆವರು ಹೀರುವ ಬಾಲಾಕ್ಲಾವಾ, ಅಂದರೆ ತಲೆ ಕತ್ತು ಮುಚ್ಚುವ ತೆಳು ಟೋಪಿ ಹಾಕಿ. ಒಂದೆರಡು ಸಾಲದು, ದಿನಕ್ಕೆ ಮೂರ್ನಾಲ್ಕು ಒದ್ದೆಯಾಗುತ್ತವೆ.

ಹೋಟೆಲ್ ರೂಮ್ ಹಿಡಿಯುವುದು ತಿರುಪತಿ ದರ್ಶನದ ಟಿಕೆಟ್ ಬುಕ್ ಮಾಡಿದ ಹಾಗೇ. ಬುಕಿಂಗ್ ತೆರೆಯುವ ಹೊತ್ತಿಗೆ ಸರಿಯಾಗಿ ಕೂತಿರಬೇಕು. ಡೇವಿಡ್ ಎಲ್. ಲಾರೆನ್ಸ್ ಕನ್ವೆನ್ಶನ್ ಸೆಂಟರ್‌ಗೆ ಅಂಟಿಕೊಂಡಿರುವ ಹೋಟೆಲ್ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿತು. ನಮಗೆ ಸ್ವಲ್ಪ ನಡೆದು ಹೋಗುವಷ್ಟು ದೂರದಲ್ಲಿ ಸಿಕ್ಕಿತು. ವೇಷ ಹಾಕುವವರಿಗೆ ಆ ಸ್ವಲ್ಪ ದೂರವೂ ಜಾಸ್ತಿಯೇ. ಆದಷ್ಟು ಹತ್ತಿರ ನೋಡಿ.

ಬ್ಯಾಡ್ಜ್ ತೆಗೆದುಕೊಳ್ಳಲು ಸರಕಾರಿ ಗುರುತಿನ ಚೀಟಿ ಬೇಕು. ನನ್ನ ಡ್ರೈವಿಂಗ್ ಲೈಸೆನ್ಸ್ ವೀಸಾ ಅವಧಿಗೆ ತಳುಕು ಹಾಕಿಕೊಂಡದ್ದು. ವೀಸಾ ವಿಸ್ತರಣೆಯ ಕಾಗದ ಬಂದಿರಲಿಲ್ಲ, ಲೈಸೆನ್ಸ್ ಮುಗಿದಿತ್ತು. ಹಾಗಾಗಿ ಕೊಲಂಬಸ್‌ನಿಂದ ಮೂರು ಗಂಟೆಯ ದಾರಿಯನ್ನು ಪೂರ್ತಿ ಇವರೇ ಓಡಿಸಿದರು. ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿದೆ, ತಕರಾರಿಲ್ಲದೆ ಕೊಟ್ಟರು. ನೋಂದಣಿ ಫಾರ್ಮಿನಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಅಪ್ಪನ ಹೆಸರು, ಊರಿನ ಹೆಸರು ಎಲ್ಲಾ ಸೇರಿಸಿ ತುಂಬಿ. ಬ್ಯಾಡ್ಜಿನ ಮೇಲೆ ಬರುವ ಪಾತ್ರದ ಹೆಸರಿಗೆ ಬೇರೆ ಜಾಗ ಇರುತ್ತದೆ. ಕ್ಯೂ ಮಾತ್ರ ಉದ್ದ. ನೀರಿನ ಬಾಟಲಿ ಹಿಡಿದುಕೊಂಡೇ ನಿಲ್ಲಿ.

ಶುಕ್ರವಾರ ಮಧ್ಯಾಹ್ನ ಮೊದಲ ಸಲ ಹೊರಗೆ ಬಂದೆ. ತಲೆ ಹಾಕಿದರೆ ಕಾಲಬುಡ ಕಾಣುವುದಿಲ್ಲ. ಪಕ್ಕ ಕಾಣುವುದಿಲ್ಲ. ಎದುರಿನದು ಮಾತ್ರ, ಅದೂ ಸೊಳ್ಳೆಪರದೆ ಹಾಕಿದ ಕಿಟಕಿಯಿಂದ ಕಂಡಷ್ಟು. ಅದಕ್ಕೇ ಜೊತೆಗೊಬ್ಬ ಹ್ಯಾಂಡ್ಲರ್ ಇರಲೇಬೇಕು. ನನ್ನ ಹ್ಯಾಂಡ್ಲರ್ ನಮ್ಮವರೇ. ಕೊರಳಿಗೆ ಒಂದು ಚೀಲ, ಅದರಲ್ಲಿ ಸ್ಟ್ರಾ ಹಾಕಿದ ಬಾಟಲಿ, ಟವೆಲ್, ಬ್ಯಾಟರಿ, ಸೂಜಿ ದಾರ. ಮೂರು ಸನ್ನೆ ಮಾತಾಡಿಕೊಂಡಿದ್ದೆವು. ಕೊರಳು ಮುಟ್ಟಿದರೆ ನೀರು. ಅವರ ಮೊಣಕೈ ಎಳೆದರೆ ಲೌಂಜ್‌ಗೆ ಹೋಗೋಣ. ಎರಡೂ ಕೈ ತಲೆ ಮೇಲೆ ಇಟ್ಟರೆ ಇದ್ದಲ್ಲೇ, ಈಗಲೇ ತಲೆ ತೆಗೆಸಿ. ಜನರೆದುರು ತಲೆ ತೆಗೆಯಬಾರದು ಅನ್ನುವ ಸಂಪ್ರದಾಯ ಅಲ್ಲಿದೆ. ಪಾತ್ರ ಒಡೆದು ಹೋಗುತ್ತದೆ ಅಂತ. ಜೀವಕ್ಕಿಂತ ಅದೇನೂ ದೊಡ್ಡದಲ್ಲ.

ಮೊದಲ ಕಂಟಕ ಲಿಫ್ಟಿನಲ್ಲೇ. ನಾನು ಒಳಗೆ ಹೋದೆ, ಬಾಲ ಹೋಗಲಿಲ್ಲ. ಬಾಗಿಲು ಬಾಲಕ್ಕೆ ತಾಗಿ ಮತ್ತೆ ತೆರೆಯಿತು, ಮತ್ತೆ ಮುಚ್ಚಲು ನೋಡಿತು. ಒಳಗಿದ್ದ ನೇರಳೆ ನಾಯಿಯೊಂದು ಗಂಭೀರವಾಗಿ ಬಗ್ಗಿ, ನನ್ನ ಬಾಲವನ್ನು ಮಡಚಿ ನನ್ನ ಕೈಗೇ ಕೊಟ್ಟಿತು. ಉದ್ದ ಬಾಲದ ಆಸೆ ಇರುವವರು ಅಗಲವಾದ ಬೆಲ್ಟಿಗೆ ಎರಡು ಲೂಪ್ ಹಾಕಿಸಿ. ಎಸ್ಕಲೇಟರ್ ಹತ್ತಲೇಬೇಡಿ.

ಎದುರಾದವರೆಲ್ಲ 'ರೆಡ್ ಪಾಂಡಾ!' ಅಂತ ಕೂಗುತ್ತಾರೆ. ಕೆಲವರಿಗೆ ರಕೂನ್. ಕೆಂದಳಿಲಿನ ಫೋಟೋ, ಹೆಸರು ಹಾಕಿದ ಸಣ್ಣ ಕಾರ್ಡ್ ಪ್ರಿಂಟ್ ಮಾಡಿಸಿಕೊಂಡು ಹೋಗಿದ್ದೆ. ಇವರು ಹಂಚುತ್ತಾ ಬಂದರು. ಕಾರ್ಡ್ ಓದಿದ ಮೇಲೂ 'ಎಂಥ ಮುದ್ದಾದ ರೆಡ್ ಪಾಂಡಾ' ಅಂದವರಿದ್ದಾರೆ.

ಸಭಾಂಗಣದ ಬಾಗಿಲಲ್ಲಿ ಒಬ್ಬ ಸೆಕ್ಯುರಿಟಿ ಗಾರ್ಡ್ ಇದ್ದರು. ಐವತ್ತು ದಾಟಿದ ಆಳು, ನಗುವ ಮುಖ ಅಲ್ಲ. ನಾನು ಅವರೆದುರು ಕಲ್ಲಾಗಿ ನಿಂತೆ. ಅವರೂ ಕಲ್ಲಾದರು. ಯಾರೂ ಸೋಲುವುದಿಲ್ಲ. ಕೊನೆಗೆ ಅವರೇ ಮುಷ್ಟಿ ಮುಂದೆ ಮಾಡಿ ಕಲ್ಲು, ಕಾಗದ, ಕತ್ತರಿ ಆಟಕ್ಕೆ ಕರೆದರು. ನನ್ನ ಗವಸಿಗೆ ನಾಲ್ಕೇ ಬೆರಳು, ಒಳಗೆ ಹತ್ತಿ ತುಂಬಿದ್ದು. ಕತ್ತರಿ ಮಾಡಿದರೂ ಕಾಗದದ ಹಾಗೇ ಕಾಣುತ್ತದೆ. ಸೋತೆ. ಮತ್ತೆ ಸೋತೆ. ನೆಲಕ್ಕೆ ಕುಸಿದು ಕೂತು ಬಾಲದಲ್ಲಿ ಮುಖ ಮುಚ್ಚಿಕೊಂಡೆ. ಅವರು ಬಿದ್ದು ಬಿದ್ದು ನಕ್ಕರು. ಆಫೀಸಿನ ಮೀಟಿಂಗಿನಲ್ಲಿ ಮೈಕ್ ಮ್ಯೂಟ್ ತೆಗೆಯಲು ಹೆದರುವ ಹೆಂಗಸು ನಾನು. ಒಂದು ಮಾತೂ ಆಡದೆ ಅಪರಿಚಿತರನ್ನು ನಗಿಸಿದೆ ಅನ್ನುವುದು ನನಗೇ ನಂಬಲಾಗಲಿಲ್ಲ.

ಆ ಖುಷಿಯಲ್ಲೇ ತಲೆಯೊಳಗಿನ ಪುಟ್ಟ ಫ್ಯಾನ್ ನಿಂತಿತು. ಬ್ಯಾಟರಿ ಹೊಸದೇ, ತಂತಿಯ ಬೆಸುಗೆ ಬಿಟ್ಟಿತ್ತು. ಕೆಲವೇ ನಿಮಿಷಕ್ಕೆ ಉಸಿರು ಬಿಸಿ, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಮೊಣಕೈ ಎಳೆದೆ. ಹೆಡ್‌ಲೆಸ್ ಲೌಂಜ್ ಅಂತ ಒಂದು ಕೋಣೆ ಇರುತ್ತದೆ. ವೇಷದವರು, ಅವರ ಹ್ಯಾಂಡ್ಲರ್‌ಗಳಿಗೆ ಮಾತ್ರ ಪ್ರವೇಶ. ಒಳಗೆ ದೊಡ್ಡ ದೊಡ್ಡ ಫ್ಯಾನುಗಳು, ತಣ್ಣೀರು. ಫೋಟೋ ತೆಗೆಯುವಂತಿಲ್ಲ. ಹೊರಗೆ ಕುಣಿದು ಬಂದ ತೋಳ, ಸಿಂಹಗಳೆಲ್ಲ ತಲೆ ಕಳಚಿಟ್ಟು, ಬೆವರಿಗೆ ಅಂಟಿದ ಕೂದಲಲ್ಲಿ ಸುಮ್ಮನೆ ಕೂತಿರುತ್ತವೆ. ನಮ್ಮವರು ಮನೆಯಿಂದಲೇ ಉಪ್ಪು ಹಾಕಿದ ನೀರುಮಜ್ಜಿಗೆ ತಂದಿದ್ದರು. ಅದನ್ನು ಕುಡಿದ ಮೇಲೆ ಜೀವ ಬಂತು.

ಪಕ್ಕದಲ್ಲಿ ಒಬ್ಬರು ಹಿರಿಯರು, ತಲೆಯೆಲ್ಲ ಬಿಳಿ, ಮಡಿಲಲ್ಲಿ ಬೂದು ತೋಳದ ತಲೆ. ಮೊದಲ ಸಲವಾ ಅಂತ ಕೇಳಿದರು. ಹೌದು ಅಂದೆ. ಈಗ ಮಾಡ್ತಾ ಇರುವುದರ ಅರ್ಧ ಮಾಡಿ, ಅರ್ಧ ವೇಗದಲ್ಲಿ ಮಾಡಿ, ಜನಕ್ಕೆ ನಿಮ್ಮನ್ನು ನೋಡಲು ಸಮಯ ಕೊಡಿ ಅಂದರು. ಅಷ್ಟು ದಿನದ ಅಭ್ಯಾಸಕ್ಕಿಂತ ಆ ಒಂದು ಮಾತು ಉಪಯೋಗಕ್ಕೆ ಬಂತು. ಫ್ಯಾನಿನ ತಂತಿಯನ್ನೂ ಅವರೇ ಟೇಪು ಹಾಕಿ ಸರಿ ಮಾಡಿಕೊಟ್ಟರು.

ಶನಿವಾರ ಮೆರವಣಿಗೆ. ಹೊರಡುವ ಮೊದಲು ದೊಡ್ಡ ಸಭಾಂಗಣದಲ್ಲಿ ಸಾಲು ನಿಲ್ಲಿಸಿ, ಎಲ್ಲರ ಒಟ್ಟು ಫೋಟೋ ತೆಗೆಯುತ್ತಾರೆ. ಸಾವಿರಾರು ವೇಷ. ತುಂಬಾ ಹೊತ್ತು ನಿಲ್ಲಬೇಕಾಗುತ್ತದೆ, ಆ ಹೊತ್ತಿನಲ್ಲಿ ಶಕ್ತಿ ಉಳಿಸಿಕೊಳ್ಳಿ. ಕುಣಿದು ದಣಿದವರು ರಸ್ತೆಗೆ ಬರುವಷ್ಟರಲ್ಲಿ ಸುಸ್ತಾಗಿದ್ದರು. ಬಾಗಿಲು ದಾಟಿದ್ದೇ ಬಿಸಿಲು ರಪ್ಪನೆ ಬಡಿಯಿತು. ಜುಲೈ ತಿಂಗಳ ಪಿಟ್ಸ್‌ಬರ್ಗ್, ನಮ್ಮ ಕರಾವಳಿಯ ಸೆಕೆಗೆ ಏನೂ ಕಡಿಮೆ ಇಲ್ಲ. ಎರಡೂ ಬದಿ ಜನ. ಅದೇ ಮಡಚುವ ಕುರ್ಚಿಗಳು. ಹೋಟೆಲಿನವರು ಗಾಜಿನ ಮೇಲೆ ಪಂಜದ ಗುರುತು ಬರೆದಿದ್ದಾರೆ.

ರಸ್ತೆಯ ತಿರುವಿನಲ್ಲಿ ಒಬ್ಬ ಹುಡುಗ ಪ್ಲಾಸ್ಟಿಕ್ ಬಕೆಟ್‌ಗಳನ್ನು ಬೋರಲು ಹಾಕಿಕೊಂಡು ಬಾರಿಸುತ್ತಿದ್ದ. ಹೆಡ್ಡಿನ ಒಳಗೆ ಶಬ್ದ ಸರಿಯಾಗಿ ಕೇಳುವುದಿಲ್ಲ. ಆದರೆ ಬಡಿತ ಎದೆಗೆ ತಾಗುತ್ತದೆ. ಅವನದು ತಾಸೆಯ ಪೆಟ್ಟು ಅಲ್ಲವೇ ಅಲ್ಲ, ಬೇರೆಯದೇ ಲೆಕ್ಕ. ಆದರೂ ನಡುವೆ ಒಂದು ಕಡೆ ಅವನು ಬೇಗ ಬೇಗ ಬಡಿದು ಥಟ್ಟನೆ ನಿಲ್ಲಿಸುತ್ತಿದ್ದ. ಆ ನಿಲ್ಲಿಸುವ ಜಾಗ ನನ್ನ ಕಾಲಿಗೆ ಗೊತ್ತಿತ್ತು. ಮೊಣಕಾಲು ಬಗ್ಗಿತು. ಎಡಗಾಲು ಮುಂದೆ, ಕೈ ಎರಡೂ ಪಂಜ, ಸೊಂಟ ತಿರುಗಿಸಿ ಒಂದು ಸುತ್ತು. ಜಗಲಿಯಲ್ಲಿ ಬಾಗಿಲು ಹಾಕಿಕೊಂಡು ಕಲಿತ ಹೆಜ್ಜೆ ಅಳಿಲಿನ ಮೈಯಲ್ಲಿ ಬಂತು. ಹುಡುಗ ನೋಡಿದ, ವೇಗ ಏರಿಸಿದ. ನಾನು ಏರಿಸಲಿಲ್ಲ, ಮುದುಕ ತೋಳದ ಮಾತು ನೆನಪಿತ್ತು. ಅವನು ಬಡಿದು ನಿಲ್ಲಿಸುವಾಗ ನಾನೂ ಕಲ್ಲಾದೆ. ಒಂದು ಕಾಲು ಎತ್ತಿ, ಮೂಗು ಅವನತ್ತ ಮಾಡಿ. ಅವನೂ ಕೋಲು ಎತ್ತಿ ಹಿಡಿದುಕೊಂಡೇ ಉಳಿದ. ಸುತ್ತ ನಿಂತವರು ಉಸಿರು ಬಿಗಿಹಿಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಬಿಟ್ಟೆವು.

ಜನ ಕೂಗಿದ್ದು ನನಗೆ ಹೆಡ್ಡಿನ ಒಳಗೂ ಕೇಳಿತು. ಹಿಂದಿದ್ದ ಒಂದು ಮೊಸಳೆ, ಎರಡು ಬೆಕ್ಕು ನನ್ನ ಹೆಜ್ಜೆಯನ್ನೇ ಹಾಕಲು ನೋಡುತ್ತಿದ್ದವಂತೆ. ನನಗೆ ಕಾಣಲಿಲ್ಲ, ಇವರು ಆಮೇಲೆ ವಿಡಿಯೋ ತೋರಿಸಿದರು. ಸ್ವಯಂಸೇವಕರು ಮುಂದೆ ಹೋಗಿ ಅಂತ ಕೈ ಮಾಡಿದರು, ಸಾಲು ನಿಲ್ಲುವಂತಿಲ್ಲ. ಹುಡುಗನಿಗೆ ಬಗ್ಗಿ ನಮಸ್ಕಾರ ಮಾಡಿ ಮುಂದೆ ಬಂದೆ. ಒಳಗೆ ಕಣ್ಣೀರೋ ಬೆವರೋ, ಲೆನ್ಸ್ ಜಾರುತ್ತಿತ್ತು.

'ಇಷ್ಟು ವರ್ಷ ಇದನ್ನು ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ್ತಿ?' ಅಂದರು ಇವರು ಲೌಂಜಿನಲ್ಲಿ. ನಾನು ಉತ್ತರ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ, ಮಜ್ಜಿಗೆ ಬಾಟಲಿ ಖಾಲಿ ಮಾಡುತ್ತಿದ್ದೆ.

ಭಾನುವಾರದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಮಾರಾಟದ ಹಾಲ್ ಸುತ್ತಿ, ಪ್ರತಿ ವರ್ಷ ಅವರು ಪ್ರಾಣಿಗಳ ಒಂದು ಸಂಸ್ಥೆಗೆ ದೇಣಿಗೆ ಸಂಗ್ರಹಿಸುತ್ತಾರೆ, ಅದಕ್ಕೆ ಕೈಲಾದಷ್ಟು ಹಾಕಿ ಹೊರಟೆವು. ಅಲ್ಲಿಯವರು 6-2-1 ಅಂತ ಒಂದು ಸೂತ್ರ ಹೇಳುತ್ತಾರೆ. ದಿನಕ್ಕೆ ಆರು ಗಂಟೆ ನಿದ್ದೆ, ಎರಡು ಊಟ, ಒಂದು ಸ್ನಾನ. ಕೇಳಲು ತಮಾಷೆ, ಆದರೆ ಆ ಗಲಾಟೆಯಲ್ಲಿ ಮೂರೂ ಮರೆತು ಹೋಗುತ್ತವೆ.

ಖರ್ಚು ಕೇಳುವವರಿಗೆ: ರೆಫರೆನ್ಸ್ ಶೀಟ್, ಪಾರ್ಶಿಯಲ್, ಅದರ ಸಾಗಾಟ, ಬಾಲಾಕ್ಲಾವಾ, ಫ್ಯಾನು ಇತ್ಯಾದಿ ಸೇರಿ ವೇಷಕ್ಕೇ 2,700 ಡಾಲರ್‌ಗೆ ಸ್ವಲ್ಪ ಮೇಲೆ. ಇಬ್ಬರ ನೋಂದಣಿ, ಮೂರು ರಾತ್ರಿಯ ಹೋಟೆಲ್, ಪಾರ್ಕಿಂಗ್, ಪೆಟ್ರೋಲ್, ಊಟ ಎಲ್ಲಾ ಹಿಡಿದರೆ ಒಟ್ಟು ನಾಲ್ಕು ಸಾವಿರ ಡಾಲರ್ ಹತ್ತಿರ. ಅಮ್ಮನಿಗೆ ರೂಪಾಯಿಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಅವರೇ ಲೆಕ್ಕ ಹಾಕಿದರು. 'ಒಂದು ಜೊತೆ ಬಳೆ ಆಗ್ತಿತ್ತಲ್ಲೇ' ಅಂದರು. ಆಮೇಲೆ ವಿಡಿಯೋ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅಣ್ಣನಿಂದ ಮೆಸೇಜ್: 'ಎಡಗಾಲು ಇನ್ನೂ ತಪ್ಪು ಹಾಕ್ತಿ.'

ಎಚ್-1ಬಿಯವರಿಗೆ ಒಂದು ಮಾತು. ಹೋಟೆಲಿನ ಲಾಬಿಯಲ್ಲಿ ಒಬ್ಬರು ಮಗುವಿನ ಹುಟ್ಟುಹಬ್ಬಕ್ಕೆ ಬರ್ತೀರಾ, ದುಡ್ಡು ಕೊಡ್ತೇವೆ ಅಂತ ಕೇಳಿದರು. ದುಡ್ಡು ಮುಟ್ಟಬೇಡಿ. ನಿಮ್ಮ ಕಂಪನಿ ಬಿಟ್ಟು ಬೇರೆ ಯಾರಿಂದಲೂ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವಂತಿಲ್ಲ, ಅಳಿಲಿನ ವೇಷದಲ್ಲಿದ್ದರೂ ಅಷ್ಟೇ.

ಮನೆಗೆ ಬಂದ ದಿನವೇ ಸೂಟಿನ ಕೆಲಸ ಮುಗಿಸಿ. ಕಾರಿನ ಡಿಕ್ಕಿಯಲ್ಲಿ ಒದ್ದೆಯಾಗಿಯೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಗವಸು, ಬಾಲದ ಕವರು ತಣ್ಣೀರಲ್ಲಿ ಕೈಯಿಂದ ತೊಳೆದು, ಹಿಂಡದೆ, ನೆರಳಲ್ಲಿ ಒಣಗಿಸಬೇಕು. ಬಿಸಿಗಾಳಿಯ ಡ್ರೈಯರ್ ಬೇಡ, ತುಪ್ಪಳದ ತುದಿ ಕರಗಿ ಗಂಟಾಗುತ್ತದೆ. ತಲೆಯ ಒಳಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಸ್ಪ್ರೇ ಮಾಡಿ, ರಾತ್ರಿಯಿಡೀ ಫ್ಯಾನಿನ ಎದುರು ಕತ್ತಿನ ಕಡೆಯ ತೆರೆದ ಭಾಗ ಮೇಲಾಗಿಸಿ ಇಡಿ. ಪೂರ್ತಿ ಒಣಗಿದ ಮೇಲೆ ನಾಯಿಯ ಕೂದಲಿಗೆ ಬಳಸುವ ಬ್ರಷ್‌ನಿಂದ ಬಾಚಿ.

ಮುಂದಿನದು ಡಿಸೆಂಬರ್‌ನಲ್ಲಿ, ಶಿಕಾಗೋ ಏರ್‌ಪೋರ್ಟ್ ಹತ್ತಿರದ ರೋಸ್‌ಮಾಂಟ್‌ನಲ್ಲಿ ನಡೆಯುವ ಮಿಡ್‌ವೆಸ್ಟ್ ಫರ್‌ಫೆಸ್ಟ್. ಚಳಿಗಾಲ, ಸೆಕೆಯ ಭಯ ಸ್ವಲ್ಪ ಕಡಿಮೆ. ಅಷ್ಟರೊಳಗೆ ಲೈಸೆನ್ಸ್ ಬರಬೇಕು, ಎಡಗಾಲು ತಿದ್ದಬೇಕು. ಕನ್ನಡದವರು ಯಾರಾದರೂ ಬರುವುದಾದರೆ ಕೆಂಗಂದು ಬಣ್ಣದ ಉದ್ದ ಬಾಲ ಹುಡುಕಿ. ತಲೆ ಹಾಕಿರುವಾಗ ನಾನು ಮಾತಾಡುವುದಿಲ್ಲ. ಏನಾದರೂ ಕೇಳುವುದಿದ್ದರೆ ಚೀಲ ಹಾಕಿಕೊಂಡು ಪಕ್ಕದಲ್ಲಿ ನಿಂತಿರುವವರನ್ನು ಕೇಳಿ, ಮಜ್ಜಿಗೆಯೂ ಅವರ ಹತ್ತಿರವೇ ಇರುತ್ತದೆ.